ಬುಗ್ಯಾಲ್‌ಗೆ ಒಂದು ದಿನ: ಇಳಿಯುವ ಹೊತ್ತಿನಿಂದ ಹಾಕುವ ಲೆಕ್ಕ

ಎಲ್ಲರಿಗೂ ನಮಸ್ಕಾರ.

2024ರ ಜೂನ್ ಆದಮೇಲೆ ಬೆಂಗಳೂರಿನ ಯಾವ ಚಾರಣಿಗರ ಸಭೆಯಲ್ಲೂ ಉತ್ತರಕಾಶಿಯ ಹೆಸರೆತ್ತುವುದು ಸುಲಭವಲ್ಲ. ಅಲ್ಲಿನ ಸಹಸ್ರತಾಲ್ ಚಾರಣದಲ್ಲಿ ನಮ್ಮ ರಾಜ್ಯದ ಒಂಬತ್ತು ಮಂದಿ ತೀರಿಕೊಂಡರು. ವಿವರ ನಿಮಗೆಲ್ಲ ಗೊತ್ತಿದೆ. ತಪ್ಪು ಯಾರದೆಂದು ಹುಡುಕುವುದು ನನ್ನ ಕೆಲಸವಲ್ಲ. ಅದು ಹಲವು ದಿನಗಳ, ತುಂಬ ಎತ್ತರದ ಚಾರಣ. ಇವತ್ತಿನ ವಿಷಯ ಅದೇ ಜಿಲ್ಲೆಯ ದಯಾರಾ ಬುಗ್ಯಾಲ್. ಬುಗ್ಯಾಲ್ ಅಂದರೆ ಹಿಮಾಲಯದ ಎತ್ತರದ ಹುಲ್ಲುಗಾವಲು. ಬೆಳಿಗ್ಗೆ ರೈಥಲ್ ಹಳ್ಳಿ ಬಿಟ್ಟು ಸಂಜೆ ಅಲ್ಲಿಗೇ ಇಳಿಯುವ ನಡಿಗೆ.

ಒಂದೇ ದಿನದಲ್ಲಿ ಯಾಕೆ? 2018ರಲ್ಲಿ ಉತ್ತರಾಖಂಡ ಹೈಕೋರ್ಟ್ ಬುಗ್ಯಾಲ್‌ಗಳಲ್ಲಿ ರಾತ್ರಿ ತಂಗುವುದನ್ನು ನಿಷೇಧಿಸಿತು, ಜನರ ಸಂಖ್ಯೆಗೂ 200ರ ಮಿತಿ ಹಾಕಿತು. ಗೊಣಗಿದವರು ಬಹಳ. ನನಗೆ ಕೇಳಿದರೆ ನ್ಯಾಯಾಲಯ ಚಾರಣಿಗರಿಗೆ ಉಪಕಾರವನ್ನೇ ಮಾಡಿತು. ರೈಥಲ್ ಸುಮಾರು 2,250 ಮೀಟರ್, ಹುಲ್ಲುಗಾವಲು ಸುಮಾರು 3,400. ಮೇಲೆ ಹೋಗಿ ಬಂದು ಕೆಳಗೆ ಮಲಗುವುದು ದೇಹಕ್ಕೆ ಒಳ್ಳೆಯದು. ಎತ್ತರದ ಕಾಯಿಲೆ ಎಷ್ಟೋ ಸಲ ಕಾಡುವುದು ಮೇಲೆ ಮಲಗಿದ ರಾತ್ರಿ.

"ಕುಮಾರ ಪರ್ವತ ಹತ್ತಿದ್ದೀವಿ ಸಾರ್, ಇದೇನು ಮಹಾ" ಅನ್ನುವವರು ಈ ಸಭೆಯಲ್ಲೂ ಇದ್ದೀರಿ. ಒಪ್ಪೋಣ, ಕುಕ್ಕೆಯಿಂದ ಹೊರಟರೆ ಏರು ಇಲ್ಲಿಗಿಂತ ಜಾಸ್ತಿ. ಆದರೆ ಅದರ ತುದಿಯೇ 1,712 ಮೀಟರ್; ನಮ್ಮ ನಡಿಗೆ ಶುರುವಾಗುವ ಹಳ್ಳಿ ಅದಕ್ಕಿಂತ ಎತ್ತರ. ಮುಳ್ಳಯ್ಯನಗಿರಿಗಿಂತಲೂ ಎತ್ತರ. ಹುಲ್ಲುಗಾವಲಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದ ಮೂರನೇ ಎರಡು ಭಾಗ. ಕುಮಾರ ಪರ್ವತದಲ್ಲಿದ್ದಂತೆ ದಾರಿಯಲ್ಲಿ ಊಟ ಹಾಕುವ ಭಟ್ಟರ ಮನೆಯೂ ಇಲ್ಲ!

ಈಗ ಲೆಕ್ಕಕ್ಕೆ ಬರೋಣ. 1892ರ ಮೇ ತಿಂಗಳಲ್ಲಿ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನವರು ಒಂದೇ ದಿನದಲ್ಲಿ ಮೂರು ಬೆಟ್ಟ ಹತ್ತಿಳಿದರು. 10 ಮೈಲಿ ನಡಿಗೆ, 6,300 ಅಡಿ ಏರು, ನಡುನಡುವೆ ನಿಂತದ್ದೂ ಸೇರಿ ಆರೂವರೆ ಗಂಟೆ. ಇದನ್ನು ತಮ್ಮ ಪರ್ವತಾರೋಹಣ ಕ್ಲಬ್ಬಿನ ಪತ್ರಿಕೆಗೆ ಬರೆಯುತ್ತಾ ಒಂದು ಸೂತ್ರವನ್ನೂ ಸೇರಿಸಿದರು: ಪ್ರತಿ 3 ಮೈಲಿಗೆ ಒಂದು ಗಂಟೆ, ಪ್ರತಿ 2,000 ಅಡಿ ಏರಿಗೆ ಇನ್ನೊಂದು ಗಂಟೆ. ಕೂಡಿ ನೋಡಿ, ಅವರ ಆರೂವರೆ ಗಂಟೆಗೆ ಸರಿಯಾಗಿ ಕೂರುತ್ತದೆ. ನೂರಮೂವತ್ತು ವರ್ಷ ಕಳೆದರೂ ಗುಡ್ಡ ಹತ್ತುವವರು ಇದನ್ನೇ ಬಳಸುತ್ತಾರೆ. ಆದರೆ ಮಹಾನುಭಾವರು ಅಲ್ಲೇ ಒಂದು ಷರತ್ತನ್ನೂ ಬರೆದಿದ್ದರು: ಇದು ಮೈಯಲ್ಲಿ ತಕ್ಕಮಟ್ಟಿನ ಕಸುವಿರುವವರಿಗೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ದಿನಕ್ಕೆ ಎರಡು ಗಂಟೆ ಕೂರುವವರು ಅವರ ಲೆಕ್ಕದಲ್ಲಿ ಇರಲಿಲ್ಲ.

ಇದೇ ಸೂತ್ರವನ್ನು ಕಿಲೋಮೀಟರ್, ಮೀಟರಿಗೆ ತಿರುಗಿಸಿ ದಯಾರಾಕ್ಕೆ ಹಾಕೋಣ. ದಾರಿ ಸುಮಾರು 7 ಕಿಲೋಮೀಟರ್. ಗಂಟೆಗೆ 5ರಂತೆ ಒಂದೂವರೆ ಗಂಟೆ ಹತ್ತಿರ. ಏರು 1,150 ಮೀಟರ್. ಗಂಟೆಗೆ 600ರಂತೆ ಎರಡು ಗಂಟೆ. ಮೂರೂವರೆ ಆಯಿತು. ಎತ್ತರಕ್ಕೆ, ಫೋಟೋಕ್ಕೆ, ಶೂ ಲೇಸಿಗೆ ಅಂತ ಅರ್ಧದಷ್ಟು ಸೇರಿಸಿ: ಐದು ಗಂಟೆ. ಇಳಿಯಲು ಮೂರೂವರೆ. ಆರಕ್ಕೆ ಹೊರಟರೆ ಹನ್ನೊಂದಕ್ಕೆ ಮೇಲೆ, ಹನ್ನೆರಡೂವರೆಗೆ ವಾಪಸ್, ನಾಲ್ಕಕ್ಕೆ ಹಳ್ಳಿ. ಮೇ-ಜೂನ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು, ಆಲಿಕಲ್ಲು ಮಾಮೂಲು. ಬಯಲಲ್ಲಿ ಮರೆಯೇ ಇರುವುದಿಲ್ಲ. ಅಕ್ಟೋಬರಿನಲ್ಲಿ ಆರರೊಳಗೆ ಸೂರ್ಯ ಮುಳುಗುತ್ತಾನೆ, ಓಕ್ ಕಾಡಿನೊಳಗೆ ಇನ್ನೂ ಬೇಗ ಕತ್ತಲು.

ಆ ಹನ್ನೆರಡೂವರೆಯೇ ನನ್ನ ಇವತ್ತಿನ ಭಾಷಣ. ನೀವು ಎಲ್ಲೇ ಇರಿ, ಹನ್ನೆರಡೂವರೆಗೆ ತಿರುಗಬೇಕು. "ಇನ್ನು ಸ್ವಲ್ಪವೇ ಇದೆ" ಎಂಬ ಮಾತು ಶಿಖರದಲ್ಲಾದರೂ ಅರ್ಥವಾಗುತ್ತದೆ, ಅಲ್ಲಿ ಮುಟ್ಟಲು ಒಂದು ತುದಿ ಇದೆ. ಹುಲ್ಲುಗಾವಲಿಗೆ ತುದಿ ಎಲ್ಲಿ? ಮರಗಳು ಮುಗಿದು ಹುಲ್ಲು ಶುರುವಾದ ಮೊದಲ ಹೆಜ್ಜೆಗೇ ನೀವು ತಲುಪಿಯಾಯಿತು. ಬಂದರ್‌ಪೂಂಛ್ ಶಿಖರ ಕಾಣಲು ಇನ್ನೊಂದು ದಿಬ್ಬ ಹತ್ತಬೇಕು ಅಂತ ಗೈಡ್ ಆಸೆ ಹುಟ್ಟಿಸಿದರೆ ಗಡಿಯಾರ ತೋರಿಸಿ.

ಲೆಕ್ಕ ತಪ್ಪುವುದು ಹೆಚ್ಚಾಗಿ ಹಳ್ಳಿಯಲ್ಲೇ. ಹೋಮ್‌ಸ್ಟೇಯಲ್ಲಿ ಆಲೂ ಪರಾಠ ಆಗುವವರೆಗೆ ಕಾಯುತ್ತೀರಿ, ಏಳೂವರೆ. ಹಿಂದಿನ ರಾತ್ರಿಯೇ ಹೇಳಿ ಕಟ್ಟಿಸಿಕೊಳ್ಳಿ, ನಡೆಯುತ್ತಾ ತಿನ್ನಿ. ಎರಡನೆಯದು, ಗುಂಪು ಹರಿದುಹೋಗುವುದು. ನಿಧಾನದವರನ್ನು ಮುಂದೆ ಬಿಡಿ. ಇಲ್ಲದಿದ್ದರೆ ಮುಂದೆ ಓಡಿದವರು ಕೂತು ಕಾಯುತ್ತಾರೆ, ಹಿಂದಿನವರು ಬಂದ ತಕ್ಷಣ ಏಳುತ್ತಾರೆ. ವಿಶ್ರಾಂತಿ ಬೇಕಾದವರಿಗೇ ಅದು ಸಿಗುವುದಿಲ್ಲ. ಮೂರನೆಯದು, ವಿಮಾನ ಇಳಿದ ಮರುದಿನವೇ ಹತ್ತುವುದು. ಡೆಹ್ರಾಡೂನಿನಿಂದ ಉತ್ತರಕಾಶಿಗೆ ಬಂದು ಒಂದು ರಾತ್ರಿ, ರೈಥಲ್‌ನಲ್ಲಿ ಒಂದು ರಾತ್ರಿ, ಆಮೇಲೆ ನಡಿಗೆ. ತಲೆನೋವಿನ ಜೊತೆ ವಾಕರಿಕೆ, ತೂರಾಟ ಕಂಡರೆ ಮಾತ್ರೆ ಹುಡುಕುತ್ತಾ ಕೂರಬೇಡಿ, ಇಳಿಯಿರಿ, ಜೊತೆಗೊಬ್ಬರು ಇರಲಿ. ಎತ್ತರದ ಕಾಯಿಲೆ ತಡೆಯುವ ಡಯಾಮಾಕ್ಸ್ ಮಾತ್ರೆ ಬೇಕೋ ಬೇಡವೋ ಊರಲ್ಲೇ ವೈದ್ಯರನ್ನು ಕೇಳಿ. ಸಲ್ಫಾ ಅಲರ್ಜಿ ಇದ್ದರೆ ಮರೆಯದೆ ಹೇಳಿ.

ಚೀಟಿ ಬಂದಿದೆ, ಐದು ನಿಮಿಷವಂತೆ. ಚೀಲದ ವಿಷಯ ಓಡಿಸುತ್ತೇನೆ. 25 ಲೀಟರಿನದು ಸಾಕು. ನೀರು ತಲೆಗೆ ಎರಡೂವರೆ ಲೀಟರ್. ಶರತ್ಕಾಲದಲ್ಲಿ ಮೇಲಿನ ಒರತೆ ನಂಬಬೇಡಿ. ಓಆರ್‌ಎಸ್, ಚಿಕ್ಕಿ, ಖರ್ಜೂರ, ಚಟ್ನಿಪುಡಿ ಸವರಿದ ಚಪಾತಿ. ಜೀನ್ಸ್ ಬೇಡ, ಒದ್ದೆ ಹತ್ತಿಬಟ್ಟೆ ಮೈಶಾಖ ಹೀರುತ್ತದೆ. ಮೇಲೆ ರೈಥಲ್‌ಗಿಂತ ಏಳೆಂಟು ಡಿಗ್ರಿ ಕಡಿಮೆ, ಗಾಳಿ ಬೇರೆ. ಆದ್ದರಿಂದ ಬೆಚ್ಚನೆಯ ಜಾಕೆಟ್, ಅದರ ಮೇಲೊಂದು ಮಳೆ ಜಾಕೆಟ್, ಟೋಪಿ. ಹೆಡ್‌ಲ್ಯಾಂಪ್ ಪ್ರತಿಯೊಬ್ಬರಿಗೂ, ಮೊಬೈಲ್ ಟಾರ್ಚ್ ಲೆಕ್ಕಕ್ಕಿಲ್ಲ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಕಾಲುಗುರು ಕತ್ತರಿಸಿ, ಇಳಿಯುವ ಮುಂಚೆ ಲೇಸು ಬಿಗಿ ಮಾಡಿ. ಇಲ್ಲದಿದ್ದರೆ ಹೆಬ್ಬೆರಳು ಶೂವಿನ ಮೂತಿಗೆ ಬಡಿದು ಉಗುರು ಕಪ್ಪಾಗುತ್ತದೆ. ಮಂಡಿನೋವಿನವರಿಗೆ ಎರಡು ಊರುಗೋಲು.

ಕುರಿಮಂದೆ ಸಿಕ್ಕರೆ ನಡುವೆ ನುಗ್ಗಬೇಡಿ, ದೂರದಿಂದ ಬಳಸಿ ಹೋಗಿ. ಕಾವಲು ನಾಯಿ ಬೊಗಳಿದರೆ ಓಡಬೇಡಿ, ನಿಂತು ಕುರಿಗಾಹಿಯನ್ನು ಕೂಗಿ.

ಕೊನೆಯದು, ಹುಲ್ಲು. ಅಲ್ಲಿ ಅದಕ್ಕೆ ಬೆಳೆಯಲು ವರ್ಷದಲ್ಲಿ ಕೆಲವೇ ತಿಂಗಳು, ಉಳಿದಂತೆ ಹಿಮದಡಿ. ಒದ್ದೆ ನೆಲದಲ್ಲಿ ಹತ್ತು ಜನ ಹತ್ತು ಕಡೆ ತುಳಿದರೆ ಮಣ್ಣು ಬಿರಿಯುತ್ತದೆ, ಮಳೆನೀರು ಅದೇ ಬಿರುಕಿನಲ್ಲಿ ಕೊರೆಯುತ್ತದೆ. ದಯಾರಾದಲ್ಲಿ ಹಾಗೆ ಕೊರೆದ ಜಾಗಗಳಿಗೆ ಅರಣ್ಯ ಇಲಾಖೆ ತೆಂಗಿನ ನಾರಿನ ಬಲೆ ಹಾಸಿ, ಬಿದಿರ ಗೂಟ ಹೊಡೆದು ಹುಲ್ಲು ಬರಿಸಬೇಕಾಯಿತು. ಆ ನಾರಿನ ಮೇಲೆ ಕಾಲಿಡಬೇಡಿ; ಇರುವ ಕಾಲುದಾರಿ ಕೆಸರಾಗಿದ್ದರೂ ಅದರಲ್ಲೇ ನಡೆಯಿರಿ.

ಬರ್ಸು ಹಳ್ಳಿ ಕಡೆಯಿಂದ ಹತ್ತುವ ದಾರಿ, ಚಳಿಗಾಲದ ಹಿಮ ಎರಡೂ ಹೇಳದೆ ಉಳಿದವು. ಪ್ರಶ್ನೆ ಇದ್ದವರು ಹೊರಗೆ ಕಾಫಿ ಹತ್ತಿರ ಸಿಗಿ.