ಕಡಲಾಚೆ ನಮ್ಮ ಕಾಫಿ

ಕೇಳುಗರೆಲ್ಲರಿಗೂ ನಮಸ್ಕಾರ.

ಹಾಸನ, ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರಿನ ಕಡೆಯಿಂದ ಮಗಳ ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ನೋಡಲೆಂದೋ ಹೊರದೇಶಕ್ಕೆ ಹೊರಟವರ ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ, ಸಾರಿನ ಪುಡಿಗಳ ಜೊತೆ ಒಂದು ಕಿಲೋ ಕಾಫಿಪುಡಿ ಇದ್ದೇ ಇರುತ್ತದೆ. ಅಲ್ಲಿ ಹೋಗಿ ಅದೇ ಪುಡಿಯನ್ನು ಅದೇ ಸ್ಟೀಲ್ ಫಿಲ್ಟರಿಗೆ ಹಾಕಿ ಡಿಕಾಕ್ಷನ್ ಇಳಿಸಿದರೂ ಊರಿನ ರುಚಿ ಹತ್ತುವುದಿಲ್ಲ. ಪುಡಿ ಕೆಟ್ಟಿತು ಅಂದುಕೊಳ್ಳುತ್ತೇವೆ. ಆದರೆ ಬಹಳ ಸಲ ತಪ್ಪು ಪುಡಿಯದ್ದಲ್ಲ, ಅಲ್ಲಿನ ನೀರು ಮತ್ತು ಹಾಲಿನದ್ದು. ಇದರ ಗುಟ್ಟು ತಿಳಿದರೆ ಊರಿನ ಕಾಫಿಯನ್ನೂ ಅಲ್ಲೇ ಮಾಡಿಕೊಳ್ಳಬಹುದು, ಆ ದೇಶದ ಕಾಫಿಯನ್ನೂ ಸವಿಯಬಹುದು.

ಮೊದಲು ಬೀಜದೊಳಗೆ ಏನಿದೆ ಎಂದು ನೋಡೋಣ. ಅರೇಬಿಕಾ, ರೊಬಸ್ಟಾ ಎಂದು ಕಾಫಿಯಲ್ಲಿ ಎರಡು ಮುಖ್ಯ ಜಾತಿ. ಅರೇಬಿಕಾದಲ್ಲಿ ಚುರುಕು ಕೊಡುವ ಕೆಫೀನ್ ಸುಮಾರು ಶೇಕಡಾ 1.2, ರೊಬಸ್ಟಾದಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು. ಸಕ್ಕರೆ ಮತ್ತು ಎಣ್ಣೆಯ ಅಂಶ ಅರೇಬಿಕಾದಲ್ಲಿ ಜಾಸ್ತಿ. ಕ್ಲೋರೊಜೆನಿಕ್ ಆಮ್ಲಗಳೆಂಬ, ಬೀಜದಲ್ಲಿ ಸಹಜವಾಗಿರುವ ವಸ್ತುಗಳು ರೊಬಸ್ಟಾದಲ್ಲಿ ಜಾಸ್ತಿ. ಹಸಿ ಬೀಜವನ್ನು ಎಷ್ಟು ಕುದಿಸಿದರೂ ಬಟಾಣಿ ಬೇಯಿಸಿದಂಥ ವಾಸನೆಯೇ ಹೊರತು ಕಾಫಿಯ ಘಮ ಬಾರದು. ಘಮ ಹುಟ್ಟುವುದು ಹುರಿಯುವಾಗ. ಶಾಖ 150 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ಬಂತೆಂದರೆ ಸಕ್ಕರೆಯೂ ಅಮೈನೋ ಆಮ್ಲಗಳೂ ಕೂಡಿ ಬೀಜ ಕಂದುಬಣ್ಣಕ್ಕೆ ತಿರುಗುತ್ತದೆ. ಫ್ರಾನ್ಸಿನ ರಸಾಯನ ವಿಜ್ಞಾನಿ ಲೂಯಿ ಕಮೀಲ್ ಮೈಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಇದು. ಕೆಂಡದ ಮೇಲೆ ರೊಟ್ಟಿ ಕಂದಿದಾಗ ಬರುವ ಘಮಕ್ಕೂ ಇದೇ ಕಾರಣ. 200 ಡಿಗ್ರಿಯ ಆಸುಪಾಸಿನಲ್ಲಿ ಬೀಜ ಚಟಪಟ ಸಿಡಿಯುತ್ತದೆ. ಆಗ ಹುಟ್ಟಿದ ಇಂಗಾಲದ ಡೈಆಕ್ಸೈಡ್ ಬೀಜದೊಳಗೇ ಸಿಕ್ಕಿಕೊಂಡು ದಿನಗಟ್ಟಲೆ ನಿಧಾನವಾಗಿ ಹೊರಬರುತ್ತದೆ.

ಕಹಿಗೆ ಕೆಫೀನೇ ಕಾರಣ ಎಂಬ ನಂಬಿಕೆ ಇದೆ. ಕಹಿಯಲ್ಲಿ ಅದರ ಪಾಲು ಸಣ್ಣದು. ಹುರಿಯುವಾಗ ಕ್ಲೋರೊಜೆನಿಕ್ ಆಮ್ಲ ಒಡೆದು ಹುಟ್ಟುವ ವಸ್ತುಗಳೇ ಮುಖ್ಯವಾಗಿ ಕಹಿ ಕೊಡುವುದು. ಕಪ್ಪಗಾಗುವವರೆಗೆ ಹುರಿದರೆ ಆ ಕಹಿ ಒರಟಾಗಿ ನಾಲಿಗೆಗೆ ಅಂಟಿಕೊಳ್ಳುತ್ತದೆ. ಘಮದ ವಿಷಯಕ್ಕೆ ಬಂದರೆ, ಗಂಧಕ ಸೇರಿದ ಫರ್ಫುರಿಲ್ ಥಯಾಲ್ ಎಂಬ ವಸ್ತುವೇ ಅದರಲ್ಲಿ ಪ್ರಮುಖ. ಇರುವುದು ಅತ್ಯಲ್ಪ, ಗಾಳಿ ತಾಗಿದರೆ ಬೇಗ ಹಾಳಾಗುತ್ತದೆ.

ಪ್ರಯಾಣದ ಕಟ್ಟುವಿಕೆ ಇಲ್ಲಿಂದಲೇ ಶುರು. ಒಂದು ಕಿಲೋ ಪುಡಿಯನ್ನು ಒಂದೇ ಚೀಲದಲ್ಲಿ ಒಯ್ದರೆ, ದಿನಕ್ಕೆರಡು ಸಲ ತೆರೆದು ಮುಚ್ಚುವುದರಲ್ಲಿ ಹದಿನೈದು ದಿನಕ್ಕೇ ಘಮ ಹೋಗಿರುತ್ತದೆ. 200 ಗ್ರಾಂನ ಐದು ಪ್ಯಾಕೆಟ್ ಮಾಡಿಸಿ. ಹುರಿದ ದಿನವೇ ಬಿಗಿಯಾಗಿ ಸೀಲ್ ಮಾಡಿಸಬೇಡಿ. ಒಳಗಿನ ಅನಿಲಕ್ಕೆ ಪ್ಯಾಕೆಟ್ ಉಬ್ಬುತ್ತದೆ, ವಿಮಾನದಲ್ಲಿ ಒತ್ತಡ ಇಳಿದಾಗ ಒಡೆಯಲೂಬಹುದು. ಎರಡು ಮೂರು ದಿನ ಬಿಟ್ಟು ಕಟ್ಟಿಸಿ. ಚಿಕೋರಿ ಬೆರೆತ ಪುಡಿ ತೇವವನ್ನು ಬೇಗ ಹೀರಿ ಗಂಟು ಕಟ್ಟುವುದರಿಂದ ಅದಕ್ಕೆ ಇನ್ನಷ್ಟು ಎಚ್ಚರ ಬೇಕು. ಅಮೆರಿಕಕ್ಕೆ ಹೋಗುವವರು ಪುಡಿಯನ್ನು ಲಗೇಜಿಗೆ ಹಾಕುವುದೇ ಲೇಸು. ಅಲ್ಲಿಗೆ ಹೋಗುವ ವಿಮಾನಗಳಲ್ಲಿ 350 ಮಿಲಿಲೀಟರ್ ಅಳತೆ ಮೀರಿದ ಪುಡಿ ಕೈಚೀಲದಲ್ಲಿದ್ದರೆ ಹೆಚ್ಚಿನ ತಪಾಸಣೆ ಮಾಡುತ್ತಾರೆ.

ಇನ್ನು ನೀರು. ಒಂದು ಲೋಟ ಕಪ್ಪು ಕಾಫಿಯಲ್ಲಿ ಶೇಕಡಾ 98ಕ್ಕೂ ಹೆಚ್ಚು ಇರುವುದು ನೀರೇ. ಗಡಸು ಬೋರ್‌ವೆಲ್ ನೀರಿನಲ್ಲಿ ಬೇಳೆ ಬೇಯದು ಎಂಬುದು ನಮ್ಮ ಬಯಲುಸೀಮೆಯ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಲಂಡನ್ನಿನ ನಲ್ಲಿ ನೀರೂ ಹಾಗೇ ಗಡಸು. ಅದರಲ್ಲಿರುವ ಬೈಕಾರ್ಬೊನೇಟ್ ಎಂಬ ಲವಣಾಂಶ ಕಾಫಿಯ ಹುಳಿಯನ್ನು ತಿಂದುಹಾಕುತ್ತದೆ. ಅರೇಬಿಕಾದ ಜೀವವೇ ಆ ನವಿರಾದ ಹುಳಿಯಲ್ಲಿದೆ. ಅದು ಹೋದರೆ ಕಾಫಿ ಸಪ್ಪೆ, ಸುಣ್ಣದ ರುಚಿ. ಕೆಟಲಿನ ತಳದಲ್ಲಿ ಬಿಳಿ ಪೊರೆ ಕಟ್ಟಿದ್ದರೆ ನೀರು ಗಡಸು ಎಂದೇ ತಿಳಿಯಿರಿ. ಯೂರೋಪಿನ ನೀರಿನ ಬಾಟಲಿಗಳ ಮೇಲೆ ಬೈಕಾರ್ಬೊನೇಟ್ ಎಷ್ಟೆಂದು ಅಚ್ಚಾಗಿರುತ್ತದೆ. ಲೀಟರಿಗೆ 100 ಮಿಲಿಗ್ರಾಂ ಒಳಗಿದ್ದರೆ ಕಾಫಿಗೆ ಒಳ್ಳೆಯದು. ಇಲ್ಲವೇ ನೀರು ಸೋಸುವ ಜಗ್ ಬಳಸಿ. ಮೆಲ್ಬರ್ನಿನಂಥ ಮೆದುನೀರಿನ ಊರಿನಲ್ಲಿ ಈ ತಾಪತ್ರಯವಿಲ್ಲ. ಅಲ್ಲಿ ಹುಳಿ ಎದ್ದು ಕಾಣುವುದರಿಂದ ಸ್ವಲ್ಪ ಹೆಚ್ಚು ಹುರಿದ ಪುಡಿ ಹೊಂದುತ್ತದೆ.

ಚಿಕ್ಕಮಗಳೂರು ಸಮುದ್ರಮಟ್ಟದಿಂದ ಒಂದು ಕಿಲೋಮೀಟರ್‌ಗಿಂತ ತುಸು ಮೇಲಿದೆ. ಹಾಗಾಗಿ ಇಲ್ಲಿ ನೀರು 96–97 ಡಿಗ್ರಿಯಲ್ಲೇ ಕುದಿಯುತ್ತದೆ, ಕಾಫಿಗೆ ಹೇಳಿ ಮಾಡಿಸಿದ ಶಾಖ. ಕಡಲ ಮಟ್ಟದ ಊರುಗಳಲ್ಲಿ ಕುದಿ ನಿಂತ ಮೇಲೆ ಅರ್ಧ ನಿಮಿಷ ಬಿಟ್ಟು ಸುರಿಯಿರಿ. ಹಾರುವ ವಿಮಾನದೊಳಗಿನ ಗಾಳಿಯ ಒತ್ತಡ ಹೆಚ್ಚೆಂದರೆ 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟು ಇಳಿಯುತ್ತದೆ. ಅಲ್ಲಿ ನೀರು 92 ಡಿಗ್ರಿಗೇ ಕುದಿಯುತ್ತದೆ. ಒಣಗಾಳಿಗೆ ಮೂಗೂ ಮಂದವಾಗಿರುತ್ತದೆ. ವಿಮಾನದ ಕಾಫಿ ಕುಡಿದು ಆ ದೇಶದ ಕಾಫಿಯನ್ನು ಅಳೆಯಬಾರದು.

ಈಗ ಫಿಲ್ಟರ್. ಚಳಿದೇಶದಲ್ಲಿ ಸ್ಟೀಲ್ ತಣ್ಣಗೆ ಕೊರೆಯುತ್ತಿರುತ್ತದೆ, ಮೊದಲು ಬಿಸಿನೀರಿನಲ್ಲಿ ತೊಳೆದು ಒರೆಸಿಕೊಳ್ಳಿ. 25 ಗ್ರಾಂ ಪುಡಿ ಹಾಕಿ, ತೂತಿನ ಬಿಲ್ಲೆಯಿಂದ ಹಗುರವಾಗಿ ಒತ್ತಿ. 50 ಮಿಲಿಲೀಟರ್ ನೀರನ್ನು ಸುತ್ತಲೂ ಸುರಿದು ಮುಕ್ಕಾಲು ನಿಮಿಷ ಕಾಯಿರಿ. ಪುಡಿಯಲ್ಲಿ ಉಳಿದ ಅನಿಲ ಗುಳ್ಳೆಯಾಗಿ ಎದ್ದು ಹೋಗಲಿ. ಅದು ಹೋಗದೆ ನೀರು ಪುಡಿಯ ಒಳಕ್ಕೆ ಇಳಿಯದು. ಆಮೇಲೆ ಇನ್ನು 100 ಮಿಲಿಲೀಟರ್. ಪುಡಿಯೇ ಸುಮಾರು 50 ಮಿಲಿಲೀಟರ್ ಹೀರಿಕೊಂಡು, ಕೆಳಗೆ 100 ಮಿಲಿಲೀಟರಿನಷ್ಟು ಡಿಕಾಕ್ಷನ್ ಸಿಗುತ್ತದೆ. ಹದಿನೈದಿಪ್ಪತ್ತು ನಿಮಿಷ ಬೇಕು. ಐದೇ ನಿಮಿಷದಲ್ಲಿ ಇಳಿದರೆ ಪುಡಿ ದಪ್ಪ, ಡಿಕಾಕ್ಷನ್ ನೀರು ನೀರು. ಇಳಿಯದೇ ನಿಂತಿತೋ, ಪುಡಿ ಹಿಟ್ಟಿನಂತಿದೆ ಅಥವಾ ಬಿಲ್ಲೆಯನ್ನು ಜೋರಾಗಿ ಅದುಮಿದ್ದೀರಿ. ಎರಡು ಡಬ್ಬಿಗಳ ನಡುವೆ ಗಾಳಿ ಸಿಕ್ಕಿಕೊಂಡರೂ ನಿಲ್ಲುತ್ತದೆ, ಮೇಲಿನದನ್ನು ಸ್ವಲ್ಪ ಎತ್ತಿ ಇಡಿ. ಗಡಸು ನೀರಿನ ಊರಾದರೆ ತೂತುಗಳಲ್ಲಿ ಸುಣ್ಣ ಕಟ್ಟುತ್ತದೆ. ವಾರಕ್ಕೊಮ್ಮೆ ವಿನೆಗರ್ ಬೆರೆಸಿದ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಬೆಳಕಿಗೆ ಹಿಡಿದು ನೋಡಿ. ಚಿಕೋರಿ ಬೆರೆತ ಪುಡಿಯನ್ನು ಮಕ್ಕಳ ಮನೆಯ ಎಸ್ಪ್ರೆಸ್ಸೋ ಯಂತ್ರಕ್ಕಾಗಲಿ ಒಲೆಯ ಮೇಲಿಡುವ ಮೋಕಾ ಪಾತ್ರೆಗಾಗಲಿ ಹಾಕಲೇಬೇಡಿ. ಚಿಕೋರಿ ಅಂಟಂಟಾಗಿ ನೀರಿನ ದಾರಿಯನ್ನೇ ಮುಚ್ಚುತ್ತದೆ.

ಹಾಲು ಒಡೆಯುವುದು ಇನ್ನೊಂದು ದೂರು. ಕಾಫಿಗೆ ಆಮ್ಲೀಯ ಗುಣವಿದೆ, ಬಿಸಿಯೂ ಇರುತ್ತದೆ. ಹಸುವಿನ ಹಾಲು ತಾಜಾ ಇದ್ದರೆ ತಡೆದುಕೊಳ್ಳುತ್ತದೆ. ಸೋಯಾ ಹಾಲು ಬೇಗ ಒಡೆಯುತ್ತದೆ. ಅದನ್ನು ಬೆಚ್ಚಗೆ ಮಾಡಿ ಲೋಟದಲ್ಲಿ ಹಾಕಿಕೊಂಡು, ಡಿಕಾಕ್ಷನ್ನನ್ನು ನಿಧಾನವಾಗಿ ಅದರ ಮೇಲೆ ಸುರಿಯಿರಿ. ಓಟ್ಸ್ ಹಾಲಾದರೆ ‘ಬರಿಸ್ತಾ’ ಎಂದು ಬರೆದಿರುವುದನ್ನು ಕೊಳ್ಳಿ. ಹುಳಿಯನ್ನು ತಡೆಯುವ ಫಾಸ್ಫೇಟ್ ಲವಣವನ್ನು ಸಾಮಾನ್ಯವಾಗಿ ಅದಕ್ಕೆ ಸೇರಿಸಿರುತ್ತಾರೆ.

ಬೆಳಗಿನದು ಮನೆಯಲ್ಲಿ ಆಯಿತು. ಸಂಜೆ ಮಾತ್ರ ಹೊರಗೆ ಹೋಗಿ ಕುಡಿಯಿರಿ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ಅಲ್ಲಿನ ಎಸ್ಪ್ರೆಸ್ಸೋಗೆ ದಪ್ಪ ಕೆನೆನೊರೆ ಬರಲೆಂದು ರೊಬಸ್ಟಾ ಬೆರೆಸುವುದು ವಾಡಿಕೆ. ಹಾಗಾಗಿ ಆ ಪುಟ್ಟ ಕಪ್ಪಿನಲ್ಲಿ ನಮ್ಮ ತೋಟದ ಬೀಜವೂ ಇರಬಹುದು. ಒಂಬತ್ತು ಪಟ್ಟು ವಾಯುಒತ್ತಡ, 25–30 ಸೆಕೆಂಡು, ಎರಡು ಗುಟುಕು. ಕೌಂಟರಿನಲ್ಲಿ ನಿಂತೇ ಕುಡಿದರೆ ದುಡ್ಡೂ ಕಡಿಮೆ. ಟರ್ಕಿಯಲ್ಲಿ ಸಕ್ಕರೆಯನ್ನು ಪುಡಿಯ ಜೊತೆಗೇ ಕುದಿಸುವುದರಿಂದ ಮೊದಲೇ ಹೇಳಬೇಕು. ಸಕ್ಕರೆ ಬೇಡವೆಂದರೆ ‘ಸಾದೆ’ ಅನ್ನಿ, ನಮ್ಮ ‘ಸಾದಾ’ದ ದಾಯಾದಿ ಮಾತೇ ಅದು. ಗಸಿ ತಳಕ್ಕೆ ಕೂರಲು ಎರಡು ನಿಮಿಷ ಬಿಡಿ, ಕೊನೆಯ ಗುಟುಕು ಕಪ್ಪಿನಲ್ಲೇ ಇರಲಿ. ಸೋಸದ ಕಾಫಿಯ ಎಣ್ಣೆಯಲ್ಲಿರುವ ಕೆಫೆಸ್ಟಾಲ್ ಕೊಲೆಸ್ಟರಾಲ್ ಏರಿಸುತ್ತದೆ, ಆ ತೊಂದರೆ ಇರುವವರಿಗೆ ಕಾಗದದಲ್ಲಿ ಸೋಸಿದ್ದೇ ಕ್ಷೇಮ. ವಿಯೆಟ್ನಾಮಿನ ‘ಫಿನ್’ ನಮ್ಮ ಫಿಲ್ಟರಿನ ಸೋದರನಂತಿದೆ. ಅದಕ್ಕೂ ರೊಬಸ್ಟಾ ಪುಡಿ, ಹನಿಹನಿ ಇಳಿಯುವ ಡಿಕಾಕ್ಷನ್, ಕೆಳಗೆ ಮಂದಗೊಳಿಸಿದ ಸಿಹಿಹಾಲು. ಇಥಿಯೋಪಿಯಾದಲ್ಲಿ ಅತಿಥಿಯ ಕಣ್ಣೆದುರೇ ಬೀಜ ಹುರಿದು ಕುಟ್ಟಿ, ಅದೇ ಪುಡಿಗೆ ಮೂರು ಸಲ ನೀರು ಹಾಕಿ ಕೊಡುತ್ತಾರೆ. ಅಬೋಲ್, ತೋನಾ, ಬರಕಾ ಎಂದು ಆ ಮೂರು ಸುತ್ತಿನ ಹೆಸರು. ಕೆಫೀನೂ ಹುಳಿಯೂ ಮೊದಲ ಸುತ್ತಿನಲ್ಲೇ ಬಹುಪಾಲು ಕರಗಿಹೋಗುವುದರಿಂದ ಮೂರನೆಯದು ತೆಳುವಾಗಿರುತ್ತದೆ. ಆದರೂ ಬರಕಾ ಎಂದರೆ ಆಶೀರ್ವಾದ. ಅದನ್ನು ಕುಡಿಯದೆ ಏಳಬೇಡಿ.

ಬರುವಾಗ ಹುರಿದ ಕಾಫಿ ತನ್ನಿ, ಹಸಿ ಬೀಜ ಅಥವಾ ಹಣ್ಣು ಮಾತ್ರ ಬೇಡ. ಬಾಬಾಬುಡನ್ ಯೆಮೆನ್ನಿನಿಂದ ಏಳು ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಬಿತ್ತಿದರೆಂಬ ಕತೆ ನಮ್ಮ ಹೆಮ್ಮೆ, ನಿಜ. ಆದರೆ ಎಲೆತುಕ್ಕು ರೋಗ 1869ರಲ್ಲಿ ಕಾಣಿಸಿಕೊಂಡ ಮೇಲೆ ಸಿಲೋನಿನ, ಅಂದರೆ ಇಂದಿನ ಶ್ರೀಲಂಕಾದ, ಕಾಫಿ ತೋಟಗಳೇ ನಾಶವಾದವು. ಕಾಫಿ ಹಣ್ಣನ್ನು ಕೊರೆಯುವ ಕಾಯಿಕೊರಕ ಹುಳು ನಮ್ಮ ದೇಶದಲ್ಲಿ ಮೊದಲು ಪತ್ತೆಯಾದದ್ದು 1990ರಲ್ಲಿ, ತಮಿಳುನಾಡಿನ ನೀಲಗಿರಿಯ ಗೂಡಲೂರಿನ ಕಡೆ. ಇಂದಿಗೂ ಹಣ್ಣು ಕೊಯ್ದ ಮೇಲೆ ಗಿಡದಲ್ಲೂ ನೆಲದಲ್ಲೂ ಉಳಿದದ್ದನ್ನು ಒಂದೊಂದಾಗಿ ಹೆಕ್ಕಿಸುತ್ತಿದ್ದೇವೆ. ಆಸೆಗೆಂದು ಜೇಬಿನಲ್ಲಿ ತಂದ ನಾಲ್ಕು ಬೀಜದೊಳಗೆ ಏನು ಅಡಗಿದೆಯೆಂದು ಕಣ್ಣಿಗೆ ಕಾಣುವುದಿಲ್ಲ. ಅಂಥದ್ದು ಗೊತ್ತಿಲ್ಲದೆ ಚೀಲಕ್ಕೆ ಸೇರಿದ್ದರೆ ವಿಮಾನ ನಿಲ್ದಾಣದಲ್ಲೇ ಹೇಳಿ ಒಪ್ಪಿಸಿಬಿಡಿ.

ನಮಸ್ಕಾರ.