ಮಕ್ಕಳು ತಾವಾಗಿ ಮುಂದಾಗಬೇಕಾದರೆ

ಕೇಳುಗರಿಗೆ ನಮಸ್ಕಾರ. ಹತ್ತನೇ ತರಗತಿ ಮುಗಿಸಿದ ಮಕ್ಕಳಿರುವ ಮನೆಯವರ ಜೊತೆ ಇವತ್ತು ಮಾತಾಡಬೇಕು ಅಂತಿದ್ದೇನೆ. "ಹುಡುಗ ಹೇಳಿದಷ್ಟೇ ಮಾಡ್ತಾನೆ, ತಾನಾಗಿ ಯಾವುದಕ್ಕೂ ಕೈ ಹಾಕಲ್ಲ" ಅನ್ನುತ್ತೀರಿ. ನಮ್ಮಲ್ಲಿ ಹಿರಿಯರೇ ಎಲ್ಲ ನಿರ್ಧರಿಸುತ್ತಾರೆ, ಅದಕ್ಕೇ ಹೀಗೆ ಅಂತ ಸಂಪ್ರದಾಯದ ಮೇಲೆ ಹಾಕುತ್ತೀರಿ. ಇದನ್ನು ನಾನು ಒಪ್ಪುವುದಿಲ್ಲ. "ಇದರಲ್ಲಿ ನನ್ನ ಪಾಲೂ ಇದೆ" ಅಂತ ಅನಿಸಿದರೆ ಸಾಕು, ಮಗು ಮುಂದಾಗುತ್ತದೆ.

ನನಗೆ ತುಂಬಾ ಇಷ್ಟವಾದ ಒಂದು ಪ್ರಯೋಗ ಇದೆ. ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ ಅನ್ನುವ ಮನಶ್ಶಾಸ್ತ್ರಜ್ಞರು ಇದನ್ನು ಅಮೆರಿಕದಲ್ಲಿ ಮಾಡಿದರು, 1999ರಲ್ಲಿ ಪ್ರಕಟಿಸಿದರು. ಏಳರಿಂದ ಒಂಬತ್ತು ವರ್ಷದ ಮಕ್ಕಳು. ಕೆಲವರು ಬಿಳಿಯರ ಮನೆಯವರು, ಕೆಲವರು ಚೀನಾ, ಜಪಾನ್ ಮೂಲದ ಮನೆಯವರು. ಅವರ ಮುಂದೆ ಅಕ್ಷರ ಕೂಡಿಸಿ ಪದ ಮಾಡುವ ಆಟ, ಬಣ್ಣಬಣ್ಣದ ಪೆನ್ನು. ಕೆಲವು ಮಕ್ಕಳಿಗೆ, ನಿನಗೆ ಬೇಕಾದ್ದನ್ನು ಆರಿಸಿಕೋ ಅಂದರು. ಕೆಲವರಿಗೆ, ಇದನ್ನೇ ಮಾಡು ಅಂತ ಅಲ್ಲಿದ್ದ ಅಪರಿಚಿತರೇ ಕೊಟ್ಟರು. ಇನ್ನು ಕೆಲವರಿಗೆ, "ಇದನ್ನು ನಿಮ್ಮಮ್ಮ ಆರಿಸಿದ್ದು" ಅಂದರು.

ಏನಾಯ್ತು ಗೊತ್ತಾ? ಬಿಳಿಯರ ಮಕ್ಕಳು ತಾವೇ ಆರಿಸಿದಾಗ ಚೆನ್ನಾಗಿ ಮಾಡಿದರು. ಏಷ್ಯಾ ಮೂಲದ ಮಕ್ಕಳು ಎಲ್ಲಕ್ಕಿಂತ ಚೆನ್ನಾಗಿ ಮಾಡಿದ್ದು ಅಮ್ಮ ಆರಿಸಿದ್ದು ಅಂದಾಗ! ಬಿಡುವು ಕೊಟ್ಟಾಗಲೂ ಅದನ್ನೇ ಆಡುತ್ತಾ ಕೂತರು. ಅಪರಿಚಿತರು ಆರಿಸಿಕೊಟ್ಟಾಗ ಮಾತ್ರ ಎರಡೂ ಕಡೆಯವರಿಗೆ ಹುರುಪು ಇರಲಿಲ್ಲ. ನೋಡಿ, ಹಿರಿಯರು ಆರಿಸಿದ್ದೇ ತಪ್ಪಾಗಿದ್ದರೆ ಆ ಮಕ್ಕಳು ಸೋಲಬೇಕಿತ್ತಲ್ವಾ? ಅಮ್ಮ ಅವರಿಗೆ ಹೊರಗಿನವಳಲ್ಲ. ಅಮ್ಮನ ಆಯ್ಕೆಯಲ್ಲಿ ತನ್ನ ಪಾಲೂ ಇದೆ ಅಂತ ಮಗುವಿಗೆ ಅನಿಸಿತ್ತು ಅಂತಲೇ ನಾನು ನಂಬುತ್ತೇನೆ.

ಸಮಯ ಓಡುತ್ತಿದೆ, ಇನ್ನೊಂದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ನಮ್ಮ ಬದುಕಿನ ಆಗುಹೋಗು ನಮ್ಮ ಕೈಲಿದೆಯೋ, ಹೊರಗಿನದರ ಕೈಲಿದೆಯೋ ಅನ್ನುವ ನಂಬಿಕೆಯ ಬಗ್ಗೆ ಜೂಲಿಯನ್ ರಾಟರ್ ಅನ್ನುವ ಮನಶ್ಶಾಸ್ತ್ರಜ್ಞರು 1966ರಲ್ಲೇ ಬರೆದರು. ಮಾರ್ಕ್ಸ್ ಕಡಿಮೆ ಬಂದಾಗ "ನಿನ್ನ ಹಣೆಬರಹ" ಅಂತ ಸುಮ್ನೆ ಹೇಳಿಬಿಟ್ಟರೆ, ಮುಂದಿನ ಸಲ ಆ ಮಗು ಯಾಕೆ ಪ್ರಯತ್ನ ಪಡಬೇಕು ಹೇಳಿ! ದಯವಿಟ್ಟು ಆ ಮಾತನ್ನು ಬಿಡಿ.

ಪಿಯುಸಿಗೆ ಸೈನ್ಸೋ, ಕಾಮರ್ಸೋ, ಆರ್ಟ್ಸೋ ಅಂತ ಮನೆಯವರೆಲ್ಲ ಕೂತು ನಿರ್ಧರಿಸಿ, ಬೇಡ ಅನ್ನುವುದಿಲ್ಲ. ಆದರೆ ಮಗುವನ್ನೂ ಕೂರಿಸಿಕೊಳ್ಳಿ, ಮೊದಲ ಮಾತು ಅದರದ್ದಾಗಲಿ. ಪಕ್ಕದ ಮನೆಯವರು ಹೇಳಿದರು ಅಂತ ಸೀಟು ಹಿಡಿಯಬೇಡಿ. ಅರ್ಜಿಯನ್ನು ಮಗುವೇ ತುಂಬಲಿ, ಕಾಲೇಜಿಗೆ ಹೋಗಿ ವಿಚಾರಿಸಿಕೊಂಡೂ ಬರಲಿ. ನೀವು ಜೊತೆಗೆ ಹೋಗಿ, ಕೌಂಟರಿನಲ್ಲಿ ಮಾತ್ರ ಮಗುವೇ ಮಾತಾಡಲಿ. ನಮಸ್ಕಾರ.