ಗಲ್ಫಿನಿಂದ ಒಂದು ಓಟು

ಕೇಳುಗರೇ, ನಮಸ್ಕಾರ.

ನನ್ನ ಅಕ್ಕನ ಮಗ ದುಬೈಯಲ್ಲಿದ್ದಾನೆ. ಮೊನ್ನೆ ಫೋನಿನಲ್ಲಿ ಕೇಳಿದ: "ಮಾವ, ಮನೆಗೆ ದುಡ್ಡು ಕಳಿಸಲು ಮೊಬೈಲ್ ಸಾಕು. ಓಟು ಹಾಕಲು ಮಾತ್ರ ಉಪ್ಪಳಕ್ಕೇ ಬರಬೇಕಾ?"

ನ್ಯಾಯವಾದ ಪ್ರಶ್ನೆ. ಗಲ್ಫಿಗೆ ಯಾರೂ ಹೋಗದ ಊರು ನಮ್ಮ ಕಾಸರಗೋಡಿನಲ್ಲಿ ಸಿಗುವುದು ಕಷ್ಟ. ಹಾಗೆ ಹೋದವರ ಹೆಸರೂ ಮತದಾರರ ಪಟ್ಟಿಗೆ ಸೇರುತ್ತದೆ. ಆದರೆ ಪಾಸ್‌ಪೋರ್ಟ್ ಹಿಡಿದುಕೊಂಡು ಬೂತಿಗೇ ಬರಬೇಕು. ಸೈನಿಕರಿಗೆ ಮತಪತ್ರ ಇಂಟರ್ನೆಟ್ಟಿನಲ್ಲಿ ಹೋಗುತ್ತದೆ ನಿಜ, ವಾಪಸ್ ಬರುವುದು ಮಾತ್ರ ಅಂಚೆಯಲ್ಲೇ.

ಯುರೋಪಿನ ಪುಟ್ಟ ದೇಶ ಎಸ್ಟೋನಿಯಾದಲ್ಲಿ 2005ರಿಂದ ಇಂಟರ್ನೆಟ್ ಓಟು ಇದೆ. 2023ರ ಸಂಸತ್ ಚುನಾವಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಓಟು ಹೀಗೇ ಬಿತ್ತು. ನಾರ್ವೆ 2011 ಮತ್ತು 2013ರಲ್ಲಿ ಪ್ರಯೋಗ ಮಾಡಿ ಕೈಬಿಟ್ಟಿತು.

ದುಡ್ಡಿನ ಲೆಕ್ಕ ಬೇರೆ, ನೋಡಿ. ಕಳಿಸಿದವನ ಹೆಸರು, ಪಡೆದವಳ ಹೆಸರು ಎರಡೂ ಬ್ಯಾಂಕಿನಲ್ಲಿರುತ್ತವೆ. ತಪ್ಪಾದರೆ ಪಾಸ್‌ಬುಕ್ ಹೇಳುತ್ತದೆ. ಓಟಿಗೆ ಹೆಸರು ಅಂಟಿರಬಾರದು, ಆದರೂ ಲೆಕ್ಕ ತಪ್ಪಬಾರದು. ಎಸ್ಟೋನಿಯಾದವರು ಇದಕ್ಕೆ ನಮ್ಮ ಅಂಚೆ ಓಟಿನ ಉಪಾಯವನ್ನೇ ಹಿಡಿದರು: ಹೆಸರಿಲ್ಲದ ಲಕೋಟೆ ಒಳಗೆ, ಸಹಿ ಇರುವ ಲಕೋಟೆ ಹೊರಗೆ. ಎಣಿಸುವ ಮುಂಚೆ ಹೊರಗಿನದನ್ನು ತೆಗೆದಿಡುತ್ತಾರೆ. ಇದೆಲ್ಲ ನಡೆಯುವುದು ಕಂಪ್ಯೂಟರಿನ ಒಳಗೆ. ಪಕ್ಷಗಳ ಏಜೆಂಟರು ಬೆಂಚಿನಲ್ಲಿ ಕೂತು ಕಣ್ಣಾರೆ ನೋಡುವಂಥದ್ದಲ್ಲ.

ನಮ್ಮ ಮಂಜೇಶ್ವರ ಕ್ಷೇತ್ರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2016ರ ವಿಧಾನಸಭಾ ಚುನಾವಣೆಯಲ್ಲಿ ಇಲ್ಲಿ ಗೆಲುವಿನ ಅಂತರ ಬರೀ 89 ಓಟು. ಊರಲ್ಲಿಲ್ಲದವರ ಹೆಸರಿನಲ್ಲೂ ಓಟು ಬಿದ್ದಿದೆ ಎಂಬ ದೂರು ಹೈಕೋರ್ಟಿಗೆ ಹೋಯಿತು. ಪಟ್ಟಿ, ಸಹಿ, ಪಾಸ್‌ಪೋರ್ಟ್ ಎಂದು ಹಿಡಿದು ನೋಡಲು ಏನಾದರೂ ಇತ್ತು. ಸೋತವನೂ ಒಪ್ಪುವಂತೆ ಎಣಿಸಿ ತೋರಿಸಬೇಕಲ್ವಾ? ಸರ್ವರ್ ಹೇಳಿತು ಎಂದರೆ ಯಾರು ಕೇಳುತ್ತಾರೆ?

ಇನ್ನೊಂದು ತೊಡಕು ಮನೆಯೊಳಗಿನದು. ಪಕ್ಕದಲ್ಲಿ ನಿಂತು ಯಾರಾದರೂ ಒತ್ತಿಸಿದರೆ? ಎಸ್ಟೋನಿಯಾದಲ್ಲಿ ಆಮೇಲೆ ಮತ್ತೆ ಓಟು ಹಾಕಬಹುದು, ಕೊನೆಯದೇ ಲೆಕ್ಕಕ್ಕೆ. ಉಪಾಯ ಒಳ್ಳೆಯದೇ. ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ಅಮ್ಮನ ಫೋನಿನ ಪಾಸ್‌ವರ್ಡ್ ಮಕ್ಕಳಿಗೆ ಬಾಯಿಪಾಠ. ಎರಡನೇ ಸಲ ಒತ್ತುವುದೂ ಅದೇ ಫೋನಿನಲ್ಲಿ ತಾನೇ?

ಅಳಿಯನಿಗೆ ಇಷ್ಟೆಲ್ಲ ಹೇಳಿದೆ. "ಹಾಗಾದರೆ ನನ್ನ ಓಟು?" ಎಂದ. ಅವನಿಗೆ ನನ್ನ ಬಳಿ ಉತ್ತರ ಇರಲಿಲ್ಲ. ಗಲ್ಫಿನಲ್ಲೇ ಒಂದು ಬೂತು ಇಟ್ಟರೆ ಆಗಬಹುದೇನೋ ಎಂದೆ.

ಪಕ್ಕದಲ್ಲೇ ಅಕ್ಕ ಅಡಿಕೆ ಸುಲಿಯುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ನಾನು ಯಾರಿಗೆ ಹಾಕುತ್ತೇನೆಂದು ನಿನ್ನ ಭಾವನಿಗೆ ಇವತ್ತಿಗೂ ಗೊತ್ತಿಲ್ಲ ಮಾರಾಯ. ಆ ರಟ್ಟಿನ ಮರೆ ಅಲ್ಲೇ ಇರಲಿ."

ನಮಸ್ಕಾರ.